ಠಾಣೆಯಲ್ಲಿ ಎಫ್‌ಐಆರ್ ಹಾಕುತ್ತಿಲ್ಲ, ಮುಂದೇನು?

ಓದುಗರ ಪ್ರಶ್ನೆ: ಹೊಲದ ಬದುವಿನ ಜಗಳದಲ್ಲಿ ಪಕ್ಕದ ಜಮೀನಿನವರು ನನ್ನ ತಮ್ಮನಿಗೆ ಹೊಡೆದು ಕೈ ಮೂಳೆ ಮುರಿದಿದ್ದಾರೆ. ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರ್, ಊರಲ್ಲೇ ರಾಜಿ ಮಾಡ್ಕೊಳ್ಳಿ’ ಎಂದು ವಾಪಸ್ ಕಳಿಸುತ್ತಾರೆ. ಏನು ಮಾಡಬೇಕು?

ಉತ್ತರ: ಬದು ಯಾರದು ಎಂಬುದು ಸಿವಿಲ್ ವಿಷಯ. ಅದಕ್ಕೆ ಸರ್ವೆಯವರಿದ್ದಾರೆ, ಗಡಿ ಅಳೆದು ಗುರುತಿಸುವ ಹದ್ದುಬಸ್ತು ಇದೆ, ಸಿವಿಲ್ ಕೋರ್ಟ್ ಇದೆ. ಕೈ ಮುರಿದದ್ದು ಮಾತ್ರ ಅಪ್ಪಟ ಕ್ರಿಮಿನಲ್ ಅಪರಾಧ. ಜಮೀನಿನ ತಕರಾರು ಇದೆ ಎಂಬ ಕಾರಣಕ್ಕೆ ಹಲ್ಲೆಯ ದೂರನ್ನು ತಳ್ಳಿಹಾಕಲು ಯಾವ ಕಾನೂನೂ ಅವಕಾಶ ಕೊಟ್ಟಿಲ್ಲ.

ಮೊದಲು ತಿಳಿಯಬೇಕಾದದ್ದು ಸಂಜ್ಞೇಯ ಮತ್ತು ಅಸಂಜ್ಞೇಯ ಅಪರಾಧಗಳ ವ್ಯತ್ಯಾಸ. ಕೋರ್ಟಿನ ಅನುಮತಿಗೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದದ್ದು ಸಂಜ್ಞೇಯ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡಲಾಗದ್ದು ಅಸಂಜ್ಞೇಯ. ನಿಮ್ಮ ಇಡೀ ಪ್ರಕರಣ ನಿಂತಿರುವುದೇ ಇದರ ಮೇಲೆ. ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಕೆನ್ನೆಗೆ ಹೊಡೆಯುವಂಥ ಸಾಧಾರಣ ಗಾಯ, ಅಂದರೆ ಕಲಂ 115(2), ಅಸಂಜ್ಞೇಯ. ಅಂಥ ದೂರಿಗೆ ಪೊಲೀಸರು ಎನ್‌ಸಿಆರ್ (ಅಸಂಜ್ಞೇಯ ದೂರಿನ ದಾಖಲೆ) ಬರೆದುಕೊಂಡು ಮ್ಯಾಜಿಸ್ಟ್ರೇಟರ ಬಳಿ ಹೋಗಲು ಹೇಳಬಹುದು. ಮೂಳೆ ಮುರಿತ ಹಾಗಲ್ಲ. ಅದನ್ನು ಕಲಂ 116 ತೀವ್ರ ಗಾಯಗಳ ಪಟ್ಟಿಯಲ್ಲೇ ಇಟ್ಟಿದೆ. ಉದ್ದೇಶಪೂರ್ವಕವಾಗಿ ತೀವ್ರ ಗಾಯ ಮಾಡಿದವರಿಗೆ ಕಲಂ 117(2)ರಡಿ 7 ವರ್ಷದವರೆಗೆ ಶಿಕ್ಷೆ ಇದೆ, ಮತ್ತು ಇದು ಸಂಜ್ಞೇಯ. ಕುಡುಗೋಲು, ಹಾರೆಯಂಥ ಅಪಾಯಕಾರಿ ಆಯುಧ ಬಳಸಿದ್ದರೆ ಕಲಂ 118 ಬರುತ್ತದೆ, ಪ್ರಕರಣ ಇನ್ನೂ ಗಂಭೀರವಾಗುತ್ತದೆ. ಆದ್ದರಿಂದ ಎನ್‌ಸಿಆರ್ ಚೀಟಿ ಕೊಟ್ಟು ಸಾಗಹಾಕಲು ನೋಡಿದರೆ ಒಪ್ಪಬೇಡಿ. ಹಲವು ಅಪರಾಧಗಳ ಪೈಕಿ ಒಂದು ಸಂಜ್ಞೇಯವಾಗಿದ್ದರೂ ಇಡೀ ಪ್ರಕರಣವನ್ನು ಸಂಜ್ಞೇಯ ಎಂದೇ ಪರಿಗಣಿಸಬೇಕು.

ಸಂಜ್ಞೇಯ ಅಪರಾಧ ಎಂದು ದೂರಿನಲ್ಲಿ ಕಂಡುಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2013ರ ನವೆಂಬರ್ 12ರಂದು ಇದನ್ನು ಸ್ಪಷ್ಟವಾಗಿ ಹೇಳಿತು. ದೂರು ನಿಜವೋ ಸುಳ್ಳೋ ಎಂಬುದು ತನಿಖೆಯಲ್ಲಿ ತಿಳಿಯಬೇಕಾದ ಸಂಗತಿ, ಎಫ್‌ಐಆರ್‌ಗೆ ಮುಂಚೆ ತೂಗಿ ನೋಡುವಂಥದ್ದಲ್ಲ. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಒಂದು ಕಿಂಡಿ ಬಿಟ್ಟಿದೆ, ನಿಜ. 3 ವರ್ಷ ಅಥವಾ ಅದಕ್ಕೂ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಕಲಂ 117(2)ಕ್ಕೆ ಪೂರ್ತಿ 7 ವರ್ಷದವರೆಗೆ ಶಿಕ್ಷೆ ಇರುವುದರಿಂದ ಆ ಕಿಂಡಿಯೂ ಇಲ್ಲಿ ಸಿಗುವುದಿಲ್ಲ.

ಈಗ ನೀವು ಮಾಡಬೇಕಾದ ಕೆಲಸಕ್ಕೆ ಬರೋಣ. ಠಾಣೆಯಲ್ಲಿ ವಾದ ಮಾಡುತ್ತಾ ನಿಲ್ಲಬೇಡಿ. ಬಾಯಿಮಾತಿನ ದೂರಿಗೂ ಕಾನೂನಿನ ಮಾನ್ಯತೆ ಇದೆ. ಆದರೆ ನಿರಾಕರಣೆ ಎದುರಾದಾಗ ನಿಮ್ಮನ್ನು ಕಾಯುವುದು ಕಾಗದ. ದೂರನ್ನು ಮನೆಯಲ್ಲೇ ಕೂತು ಬರೆಯಿರಿ. ಬದುವಿನ ಹತ್ತು ವರ್ಷದ ಇತಿಹಾಸದಿಂದ ಶುರು ಮಾಡಬೇಡಿ. ನಮ್ಮ ಜನ ಎಡವುವುದೇ ಅಲ್ಲಿ. ಮೊದಲ ಎರಡು ಪುಟ ಜಮೀನಿನ ಕಥೆಯೇ ಇದ್ದರೆ ‘ಸಿವಿಲ್’ ಎನ್ನಲು ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ. ದಿನಾಂಕ, ಹೊತ್ತು, ಸರ್ವೆ ನಂಬರ್ ಸಮೇತ ಸ್ಥಳ, ಯಾರು ಯಾವುದರಿಂದ ಎಲ್ಲಿಗೆ ಹೊಡೆದರು, ನೋಡಿದವರು ಯಾರು, ಯಾವ ಆಸ್ಪತ್ರೆಗೆ ಕರೆದೊಯ್ದಿರಿ, ಇಷ್ಟು ಮೊದಲು ಬರಲಿ. ಜಮೀನಿನ ತಕರಾರಿಗೆ ಕೊನೆಯಲ್ಲಿ ಒಂದು ಸಾಲು ಸಾಕು. ಹಿಂದೆ ಠಾಣೆಗೆ ಹೋಗಿ ಬಂದ ದಿನಗಳನ್ನೂ ಬರೆಯಿರಿ. ದೂರು ಯಾಕೆ ತಡವಾಯಿತು ಎಂದು ಎದುರು ವಕೀಲರು ಮುಂದೆ ಕೇಳಿದಾಗ ಅದೇ ಉತ್ತರವಾಗುತ್ತದೆ. ತಮ್ಮನೇ ಬಂದು ಸಹಿ ಹಾಕಬೇಕೆಂದಿಲ್ಲ, ನೀವೂ ದೂರುದಾರರಾಗಬಹುದು.

ಆಸ್ಪತ್ರೆಯ ದಾಖಲೆಯೂ ಅಷ್ಟೇ ಮುಖ್ಯ. ಹೊಡೆದಾಟದಲ್ಲಿ ಆದ ಗಾಯ ಎಂದು ವೈದ್ಯರಿಗೆ ತಿಳಿಸಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾದ ಆಸ್ಪತ್ರೆ ದಾಖಲೆ, ಮಾಡಿಸಿ. ರಾಜಿಯಾಗಬಹುದೆಂಬ ಆಸೆಯಲ್ಲಿ ‘ಬಿದ್ದು ಗಾಯವಾಯಿತು’ ಎಂದು ಬರೆಸಿದರೆ ಆ ಒಂದು ಸಾಲು ಕೋರ್ಟಿನವರೆಗೂ ಬೆನ್ನಟ್ಟಿ ಬರುತ್ತದೆ. ಎಕ್ಸ್‌ರೇ ಫಿಲ್ಮ್ ಜೋಪಾನ.

ದೂರಿನ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಠಾಣೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಎಫ್‌ಐಆರ್ ಹಾಕುವುದಿಲ್ಲ ಎಂದರೆ ಕಾರಣ ಬರೆದು ಹಿಂಬರಹ ಕೊಡಿ ಎಂದು ಕೇಳಿ. ಎಷ್ಟೋ ಸಲ ಹಿಂಬರಹ ಎಂದಕೂಡಲೇ ಧೋರಣೆ ಬದಲಾಗುತ್ತದೆ, ಯಾಕೆಂದರೆ ‘ಸಿವಿಲ್ ಮ್ಯಾಟರ್’ ಎಂದು ಬಾಯಲ್ಲಿ ಹೇಳುವುದು ಸುಲಭ, ಸಹಿ ಹಾಕಿ ಬರೆಯುವುದು ಕಷ್ಟ. ಎಫ್‌ಐಆರ್ ಆದರೆ ಅದರ ಪ್ರತಿ ನಿಮಗೆ ಉಚಿತವಾಗಿ ಕೊಡಲೇಬೇಕು. ‘ನಮ್ಮ ಲಿಮಿಟ್ ಅಲ್ಲ’ ಎಂಬ ಮಾತಿಗೂ ಈಗ ಬೆಲೆಯಿಲ್ಲ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ದಾಖಲಿಸಬಹುದು.

ಮೊಹರೂ ಇಲ್ಲ, ಹಿಂಬರಹವೂ ಇಲ್ಲ ಎಂದಾದರೆ ಅದೇ ದೂರನ್ನು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರಡಿ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಕಮಿಷನರೇಟ್ ಇರುವ ನಗರಗಳಲ್ಲಿ ಡಿಸಿಪಿಗೆ. ಅಂಚೆ ರಸೀದಿ, ತಲುಪಿದ ದಾಖಲೆ ಎರಡನ್ನೂ ಎತ್ತಿಡಿ. ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅಫಿಡವಿಟ್ ಸಮೇತ ಅರ್ಜಿ ಹಾಕಿ. ಅದೇ ಸಂಹಿತೆಯ ಕಲಂ 175(3)ರ ಪ್ರಕಾರ ಮ್ಯಾಜಿಸ್ಟ್ರೇಟರು ಪೊಲೀಸರ ಮಾತನ್ನೂ ಕೇಳಿ ತನಿಖೆಗೆ ಆದೇಶಿಸಬಹುದು. ಎಸ್‌ಪಿ ಮೆಟ್ಟಿಲನ್ನು ಹಾರಿ ನೇರ ಕೋರ್ಟಿಗೆ ಹೋದರೆ ಅರ್ಜಿ ಅಲ್ಲೇ ಮುಗ್ಗರಿಸುತ್ತದೆ, ಅದಕ್ಕೇ ರಸೀದಿಯ ಬಗ್ಗೆ ಇಷ್ಟು ಹೇಳುತ್ತಿರುವುದು. ಕಲಂ 223ರಡಿ ಮ್ಯಾಜಿಸ್ಟ್ರೇಟರಿಗೇ ನೇರವಾಗಿ ಕೊಡುವ ಖಾಸಗಿ ದೂರಿನ ದಾರಿಯೂ ಇದೆ, ಕೋರ್ಟಿನಲ್ಲಿ ಪಿಸಿಆರ್ ಎನ್ನುವುದು ಅದನ್ನೇ. ಆದರೆ ಅದರಲ್ಲಿ ಸಾಕ್ಷ್ಯ ಒದಗಿಸುವ ಭಾರ ಬಹುಪಾಲು ನಿಮ್ಮ ಮೇಲೆ ಬೀಳುತ್ತದೆ. ನಿಮ್ಮಂಥ ಪ್ರಕರಣಕ್ಕೆ ಪೊಲೀಸ್ ತನಿಖೆಯನ್ನೇ ಕೇಳುವುದು ಲೇಸು.

ಅಷ್ಟರಲ್ಲಿ ಎದುರಿನವರು ನಿಮ್ಮ ಮೇಲೇ ಕೌಂಟರ್ ಕೇಸ್ ಹಾಕಬಹುದು. ರಾಜಿಗೆ ಒತ್ತಡ ತರಲು ಇದು ಹಳೇ ದಾರಿ. ಹೆದರಿ ನಿಮ್ಮ ದೂರನ್ನು ಹಿಂತೆಗೆದುಕೊಳ್ಳಬೇಡಿ.

ಬೇರೆ ಬಗೆಯ ದೂರು ಇರುವ ಓದುಗರಿಗೂ ಒಂದು ಮಾತು. ಲೈಂಗಿಕ ದೌರ್ಜನ್ಯ, ಆಸಿಡ್ ದಾಳಿಯಂಥ ದೂರುಗಳನ್ನು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ ಕಲಂ 199ರಡಿ ಕನಿಷ್ಠ 6 ತಿಂಗಳಿಂದ 2 ವರ್ಷದವರೆಗೆ ಕಠಿಣ ಸಜೆ ಇದೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯದಲ್ಲಿ ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆಯ ಅಗತ್ಯವೇ ಇಲ್ಲ ಎಂದು ದೌರ್ಜನ್ಯ ತಡೆ ಕಾಯ್ದೆಯ 2018ರ ತಿದ್ದುಪಡಿ ಹೇಳುತ್ತದೆ.

ವಕೀಲರ ಫೀಸಿನ ಚಿಂತೆಯಿದ್ದರೆ ತಾಲ್ಲೂಕು ಕೋರ್ಟ್ ಆವರಣದ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದ ಬಹುತೇಕರಿಗೆ ಆದಾಯದ ಮಿತಿ ಇದೆ. ಹೋಗುವಾಗ ದೂರಿನ ಪ್ರತಿ, ಎಂಎಲ್‌ಸಿ, ಅಂಚೆ ರಸೀದಿ ಜೊತೆಗಿರಲಿ.