ಗೋಲಗುಮ್ಮಟದ ಬಾಗಿಲ ಮೇಲಿನ ಲೆಕ್ಕ

ನಮ್ಮ ಕಡೆ ಹೊಸ ಮದುಮಗಳು ಗಂಡನ ಹೆಸರನ್ನು ನೇರವಾಗಿ ಹೇಳುವುದಿಲ್ಲ. ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುತ್ತಾಳೆ. ಹೆಸರು ಎಲ್ಲರಿಗೂ ಗೊತ್ತು. ಆದರೂ ಕಿವಿಗೊಟ್ಟು ಕಾಯುತ್ತಾರೆ. ಬಾಗಲಕೋಟೆ, ವಿಜಯಪುರದ ಹಳೆಯ ಕಲ್ಲುಗಳೂ ಇಸವಿಯನ್ನು ಹೀಗೆ ಮಾತಿನೊಳಗೆ ಇಟ್ಟು ಹೇಳಿವೆ. ಮುಚ್ಚಿಡಲಿಕ್ಕಲ್ಲ, ಬಿಡಿಸಲಿ ಅಂತ.

ಐಹೊಳೆಯ ಮೇಗುತಿ ಗುಡಿಯ ಶಾಸನ ನೋಡಿ. ಬರೆದವನು ರವಿಕೀರ್ತಿ. ಭಾರತ ಯುದ್ಧದಿಂದ ಎಷ್ಟು ವರ್ಷವಾಯಿತು ಎನ್ನುವುದನ್ನು ಅವನು ಮೂವತ್ತು, ಮೂರು ಸಾವಿರ, ಏಳು ನೂರು, ಐದು ಎಂದು ಬಿಡಿಬಿಡಿಯಾಗಿ ಹೇಳುತ್ತಾನೆ. ಕೂಡಿಸಿದರೆ 3735. ಮುಂದೆ ಶಕ ವರ್ಷ: ಐವತ್ತು, ಆರು, ಐನೂರು. ಅಂದರೆ 556. ಇವನ್ನು ಕ್ರಿಸ್ತಶಕಕ್ಕೆ ತರಲು ಮೊದಲನೆಯದರಲ್ಲಿ 3101 ಕಳೆಯಿರಿ, ಎರಡನೆಯದಕ್ಕೆ 78 ಕೂಡಿಸಿ. ಎರಡೂ ಕಡೆ 634! ಒಂದು ಲೆಕ್ಕಕ್ಕೆ ಇನ್ನೊಂದು ಸಾಕ್ಷಿ. ಅದೇ ಶಾಸನದಲ್ಲಿ ಕಾಳಿದಾಸ, ಭಾರವಿಯ ಹೆಸರುಗಳಿವೆ. ಹಾಗಾಗಿ ಅವರಿಬ್ಬರೂ 634ಕ್ಕಿಂತ ಈಚಿನವರಲ್ಲ ಎನ್ನುವುದಕ್ಕೆ ಈ ಲೆಕ್ಕವೇ ಆಧಾರ.

ಮುಂದೆ ಗಣಿತಜ್ಞ ಭಾಸ್ಕರಾಚಾರ್ಯ. ಅವನ ಊರು ವಿಜ್ಜಡವಿಡ. ಅದು ನಮ್ಮ ವಿಜಯಪುರವೇ ಎಂದು ಕೆಲವರು, ಅಲ್ಲ, ಮಹಾರಾಷ್ಟ್ರದ ಕಡೆಯದು ಎಂದು ಕೆಲವರು ವಾದಿಸುತ್ತಾರೆ. ಊರಿನ ಬಗ್ಗೆ ಜಗಳ ಇದೆ, ಹುಟ್ಟಿದ ವರ್ಷದ ಬಗ್ಗೆ ಇಲ್ಲ. ಏಕೆಂದರೆ ಅದನ್ನು ಅವನೇ ಒಗಟಿನಲ್ಲಿ ಹೇಳಿದ್ದಾನೆ: 'ರಸ ಗುಣ ಪೂರ್ಣ ಮಹೀ'. ರುಚಿಗಳು ಆರು, ಗುಣಗಳು ಮೂರು, ಪೂರ್ಣ ಎಂದರೆ ಸೊನ್ನೆ, ಭೂಮಿ ಒಂದೇ. 6, 3, 0, 1. ಇಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಶಕ 1036, ಅಂದರೆ 1114. 'ರಸ ಗುಣ' ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿ ಗ್ರಂಥ ಬರೆದೆ ಎಂದೂ ಹೇಳುತ್ತಾನೆ. ತಿರುಗಿಸಲು ಮರೆತರೆ 63 ಆಗಿಬಿಡುತ್ತದೆ. ಅವನಿಗೆ ಆಗ 36!

ಸುಮ್ನೆ ಅಂಕಿ ಬರೆಯಬಹುದಿತ್ತು ಅಲ್ವಾ? ನನಗೆ ತೋಚುವ ಕಾರಣ ಇದು: ಓಲೆ ನಕಲು ಮಾಡುವವನು ಒಂದು ಅಂಕಿ ತಪ್ಪಿದರೆ ಯಾರಿಗೂ ತಿಳಿಯುವುದಿಲ್ಲ. ಪದ ತಪ್ಪಿದರೆ ಮಾತ್ರ ಛಂದಸ್ಸು ಕುಂಟುತ್ತದೆ, ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ಆದಿಲ್‌ಶಾಹಿಗಳ ಕಾಲದಲ್ಲಿ ಇಸವಿ ಹೇಳುವ ಫಾರ್ಸಿ ಪದ್ಧತಿ ಬಂತು. ಇದರಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆ ಉಂಟು. ಇದಕ್ಕೆ ಅಬ್ಜದ್ ಎನ್ನುತ್ತಾರೆ. ಗೋಲಗುಮ್ಮಟಕ್ಕೆ ಹೋದವರು ಮೇಲೆ ಹತ್ತಿ ಕೂಗು ಹಾಕುವ ಅವಸರದಲ್ಲಿರುತ್ತಾರೆ. ದಕ್ಷಿಣ ಬಾಗಿಲ ಮೇಲೆ ನೋಡುವವರು ಕಡಿಮೆ. ಅಲ್ಲಿ ಮೂರು ಸಾಲುಗಳಿವೆ. ಒಂದೊಂದು ಸಾಲೂ ಮಹಮ್ಮದ್ ಆದಿಲ್ ಶಾಹ ತೀರಿಕೊಂಡ ವರ್ಷವನ್ನೇ ಹೇಳುತ್ತದೆ. ಒಂದನ್ನು ಬಿಡಿಸೋಣ: 'ಆಕಿಬತೆ ಮಹಮ್ಮದ್ ಮಹಮೂದ್ ಶುದ್'. ಮಹಮ್ಮದನ ಅಂತ್ಯ ಕೊಂಡಾಡುವಂಥದ್ದಾಯಿತು ಎಂದು ಅರ್ಥ. ಆಕಿಬತ್ ಪದದ ಅಕ್ಷರಗಳು 70, 1, 100, 2, 400, ಒಟ್ಟು 573. ಮಹಮ್ಮದ್ 92. ಒತ್ತಿ ಹೇಳುವ ಮಕಾರ ಬರವಣಿಗೆಯಲ್ಲಿ ಒಂದೇ, ಹಾಗಾಗಿ ಒಂದೇ ಸಲ ಲೆಕ್ಕ. ಮಹಮೂದ್ 98, ಶುದ್ 304. ಕಾಗದದ ಮೇಲೆ ಕೂಡಿಸಿ ನೋಡಿ: 1067.

ಇಲ್ಲೊಂದು ಎಚ್ಚರ ಬೇಕು. ಇದು ಹಿಜರಿ ವರ್ಷ. 622 ಕೂಡಿಸಿಬಿಟ್ಟರೆ 1689 ಬರುತ್ತದೆ. ಅಷ್ಟರಲ್ಲಿ ವಿಜಾಪುರ ಮೊಘಲರ ಕೈಸೇರಿ ಮೂರು ವರ್ಷವಾಗಿತ್ತು. ಹಿಜರಿ ಚಂದ್ರನ ಲೆಕ್ಕ, ವರ್ಷಕ್ಕೆ ಸುಮಾರು 354 ದಿನ. ಆದ್ದರಿಂದ ಮೊದಲು 1067ನ್ನು 0.97ರಿಂದ ಗುಣಿಸಿ, ಆಮೇಲೆ 622 ಕೂಡಿಸಬೇಕು. ಆಗ 1657ರ ಆಸುಪಾಸಿಗೆ ಬರುತ್ತೇವೆ. ಸುಲ್ತಾನ ತೀರಿಕೊಂಡದ್ದು 1656ರ ನವೆಂಬರಿನಲ್ಲಿ, 1067 ಆಗಷ್ಟೇ ಶುರುವಾಗಿತ್ತು.