ರೊಟ್ಟಿ ಬಡಿಯುತ್ತಾ ಮಗು ಬೆಳೆಸಬಹುದು, ಮೀಟಿಂಗ್ ಮಾಡುತ್ತಾ?

ಕಳೆದ ಮಳೆಗಾಲದಲ್ಲಿ ಬೆಳಗಾವಿಯ ಶಹಾಪುರದಿಂದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನಿಗೆ ಎರಡು ವರ್ಷ ಎರಡು ತಿಂಗಳು. ಇನ್ನೂ ಒಂದು ಪದ ಆಡಿರಲಿಲ್ಲ. ನಾನು ಸ್ಪೀಚ್ ಥೆರಪಿಸ್ಟ್. ಮಗು ಬಂದ ತಕ್ಷಣ ಏನೂ ಮಾಡಿಸುವುದಿಲ್ಲ, ಸುಮ್ನೆ ನೆಲದ ಮೇಲೆ ಕೂತು ಅದು ಹೇಗೆ ಆಡುತ್ತದೆ ಅಂತ ನೋಡುತ್ತೇನೆ. ಇವನು ಒಂದು ಕಟ್ಟಿಗೆ ತುಂಡು ಎತ್ತಿ ಕಿವಿಗೆ ಹಿಡಿದುಕೊಂಡ. ಕೋಣೆಯ ತುಂಬ ಓಡಾಡಿದ. ನಾನು ಹತ್ತಿರ ಹೋದರೆ ತಲೆ ಕೂಡ ಎತ್ತದೆ ಅಂಗೈ ಚಾಚಿದ. ತಡಿ, ಆಮೇಲೆ!

ತಾಯಿಗೆ ಅಳು ಬಂತು. ಅವರು ಪುಣೆಯ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾರೆ. ಆ ಅಂಗೈ ಅವರದೇ.

"ಮೇಡಂ, ಇಡೀ ದಿನ ನಾ ಮನ್ಯಾಗ ಇರ್ತೇನ್ರಿ. ಆದ್ರೂ ಹಿಂಗ್ಯಾಕಾತ್ರಿ?"

ಮೊದಲು ಕಿವಿ ಪರೀಕ್ಷೆ ಮಾಡಿಸಿ ಅಂದೆ, ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಮಾತು ತಡವಾದರೆ ಮೊದಲ ಅನುಮಾನ ಕಿವಿಯ ಮೇಲೆ ಹೋಗಬೇಕು, ಮೊಬೈಲ್ ಮೇಲಲ್ಲ. ಇವನ ಕಿವಿ ಸರಿಯಿತ್ತು. ಹೆಸರು ಕರೆದರೆ ತಿರುಗುತ್ತಿದ್ದ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದ. ಇವೆರಡೂ ಇಲ್ಲದ ಮಗುವಾದರೆ ಅವ್ವನ ನೌಕರಿಯನ್ನು ಬೈಯುತ್ತಾ ಕೂರದೆ ಮಕ್ಕಳ ಡಾಕ್ಟರಿಗೆ ಬೇಗ ತೋರಿಸಬೇಕು. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ, ಅದಕ್ಕೇ ಗೊಂದಲ ಆಗಿದೆ ಅಂತ ಬೆಳಗಾವಿಯಲ್ಲಿ ಹತ್ತರಲ್ಲಿ ಎಂಟು ಜನ ಹೇಳುತ್ತಾರೆ. ಹಾಗೇನಿಲ್ಲ. ಎರಡು ಭಾಷೆ ಕೇಳಿದ್ದರಿಂದ ಮಗುವಿನ ಮಾತು ನಿಲ್ಲುವುದಿಲ್ಲ.

ಅತ್ತೆಯವರದು ಬೇರೆ ವಾದ. "ನಾವೂ ನಾಕು ಮಕ್ಕಳನ್ನ ಕೆಲಸ ಮಾಡ್ಕೋತನ ಬೆಳಸೇವಲ್ರಿ, ಇವರದೇನು ಕುಂತ ಕೆಲಸ." ಇದಕ್ಕೆ ಉತ್ತರ ಹುಡುಕಲು ನನಗೂ ಕೆಲವು ವರ್ಷ ಬೇಕಾಯಿತು. ರೊಟ್ಟಿ ಬಡಿಯುವಾಗ ಏನಾಗುತ್ತದೆ ನೋಡಿ. ಮಗು ಪಕ್ಕದಲ್ಲೇ ಕೂತಿರುತ್ತದೆ, ಅದರ ಕೈಗೂ ಒಂದು ಹಿಟ್ಟಿನ ಉಂಡೆ ಕೊಟ್ಟಿರುತ್ತಾರೆ, ಅದು ಉಂಡೆಯನ್ನು ಬಾಯಿಗಿಟ್ಟರೆ "ಏ, ಉಗುಳು" ಅನ್ನುತ್ತಾರೆ, ಹಂಚಿನ ಮೇಲೆ ರೊಟ್ಟಿ ಉಬ್ಬಿದರೆ "ಉಬ್ಬಿತು ನೋಡು" ಅನ್ನುತ್ತಾರೆ, ಮಗು "ಉಬ್" ಅಂದರೆ ನಗುತ್ತಾರೆ. ಅಲ್ಲಿ ಕೈಗೆ ಪುರುಸೊತ್ತಿಲ್ಲ, ಬಾಯಿಗೆ ಇದೆ. ಲ್ಯಾಪ್‌ಟಾಪ್ ಕೆಲಸ ಪೂರ್ತಿ ಉಲ್ಟಾ. ಕೈ ಖಾಲಿ, ಆದರೆ ಕಣ್ಣು, ಕಿವಿ, ಬಾಯಿ ಮೂರೂ ಬೇರೆಯವರ ಪಾಲು. ಮಗುವಿಗೆ ಮಾತು ಕಲಿಯಲು ಬೇಕಾಗಿರುವುದೇ ಆ ಮೂರು.

1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಒಂದು ಪ್ರಯೋಗ ಮಾಡಿದ್ದರು. ತಾಯಿ ಕೂಸಿನ ಜೊತೆ ಆಡುತ್ತಾ ಆಡುತ್ತಾ ಒಮ್ಮೆಲೇ ಮುಖ ಕಲ್ಲು ಮಾಡಿಕೊಂಡು ಕೂರಬೇಕು. ಅವ್ವ ಎದುರಿಗೇ ಇದ್ದಾಳೆ, ಎಲ್ಲೂ ಹೋಗಿಲ್ಲ. ಕೂಸು ಮೊದಲು ನಕ್ಕು ನೋಡುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ಎರಡು ನಿಮಿಷದೊಳಗೆ ಮುಖ ತಿರುಗಿಸಿ ಅಳಲು ಶುರು ಮಾಡುತ್ತದೆ. ಮೀಟಿಂಗ್‌ನಲ್ಲಿರುವ ನಮ್ಮ ಮುಖವನ್ನು ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಿ. ಹಾಗಂತ ದಿನಕ್ಕೆ ನಾಲ್ಕು ಸಲ ಹೀಗಾದರೆ ಮಗು ಹಾಳಾಗುವುದಿಲ್ಲ. ಎಂಟು ತಾಸೂ ಹೀಗೇ ಆದರೆ ಅದು ಕರೆಯುವುದನ್ನೇ ಕಡಿಮೆ ಮಾಡುತ್ತದೆ. ನಾವು "ಶಾಣ್ಯಾ ಆಗ್ಯಾನ, ತನ್ನಷ್ಟಕ್ಕ ತಾನ ಆಡ್ತಾನ" ಅಂದುಕೊಳ್ಳುತ್ತೇವೆ!

ಅದಕ್ಕೇ ನಾನು ಹೇಳುವುದು ಇಷ್ಟೇ. ಮಗು ನೋಡಿಕೊಳ್ಳುತ್ತಲೇ ಮೀಟಿಂಗ್ ಮಾಡುತ್ತೇನೆ ಅನ್ನಬೇಡಿ. ಯಾವ ತಾಸು ಯಾರದು ಅಂತ ಹಂಚಿಕೊಳ್ಳಿ. "ಎಲ್ಲರೂ ಮನ್ಯಾಗ ಅದೀವಲ್ಲ" ಅನ್ನುವ ಮನೆಯಲ್ಲೇ ಮಗು ಯಾರ ಕೈಯಲ್ಲೂ ಇರುವುದಿಲ್ಲ, ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅಪ್ಪನ ಹೆಸರೂ ಆ ಹಂಚಿಕೆಯಲ್ಲಿ ಇರಲಿ, ಅವರೂ ಅದೇ ಮನೆಯಲ್ಲಿ ಊಟ ಮಾಡುತ್ತಾರಲ್ವಾ. ಅತ್ತೆ ಮಾವ ಇಲ್ಲದವರು ಎರಡು ತಾಸಿಗೆ ಓಣಿಯ ಯಾರನ್ನಾದರೂ ದುಡ್ಡು ಕೊಟ್ಟು ಇಟ್ಟುಕೊಳ್ಳಿ.

ಈ ತಾಯಿಯ ದಿನವನ್ನು ಕಾಗದದ ಮೇಲೆ ಬರೆಸಿದಾಗ ಗೊತ್ತಾಯಿತು, ತೊಂದರೆ ಇದ್ದದ್ದು ಹಗಲಲ್ಲಿ ಅಲ್ಲ. ಅವರ ಕ್ಲೈಂಟ್ ನ್ಯೂಯಾರ್ಕಿನವರು. ಅಲ್ಲಿ ಬೆಳಿಗ್ಗೆ 9 ಅಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 6:30, ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 7:30. ಮಗು ದಣಿದು ಅವ್ವನ ಸೆರಗು ಹಿಡಿಯುವ ಹೊತ್ತು ಅದು. ಆ ಹೊತ್ತಿಗೇ ಅವನ ಕೈಗೆ ಫೋನ್ ಬರುತ್ತಿತ್ತು, ಮಲಗುವಾಗ ಹತ್ತೂವರೆ. ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆ ಸೇರಿ 11ರಿಂದ 14 ತಾಸು ನಿದ್ದೆ ಬೇಕು. ಪರದೆ ಎರಡರೊಳಗೆ ಬೇಡ, ಎರಡು ದಾಟಿದ ಮೇಲೆ ಹೆಚ್ಚೆಂದರೆ ದಿನಕ್ಕೆ ಒಂದು ತಾಸು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ಇವನದು ಸಂಜೆ ಒಂದರಲ್ಲೇ ಎರಡೂವರೆ ತಾಸು ಆಗುತ್ತಿತ್ತು.

ಫೋನ್ ಕಿತ್ತುಕೊಳ್ಳಿ ಅಂತ ಹೇಳುವುದು ಸುಲಭ. ಅದರ ಜಾಗದಲ್ಲಿ ಒಬ್ಬ ಮನುಷ್ಯ ಬೇಕು. ಮಾವನವರಿಗೆ ಸಂಜೆಯ ಪಾಳಿ ಬಿತ್ತು. ದಿನಾ ಹಾಲು ತರಲು ಹೋಗುವವರು ಮೊಮ್ಮಗನನ್ನೂ ಹೆಗಲ ಮೇಲೆ ಕೂರಿಸಿಕೊಂಡು ಹೊರಟರು. ಮೀಟಿಂಗ್‌ಗೆ ಮುಂಚೆ ಹತ್ತು ನಿಮಿಷ ಅವ್ವ ಅವನ ಜೊತೆ ನೆಲದ ಮೇಲೆ, ಫೋನ್ ಬೇರೆ ಕೋಣೆಯಲ್ಲಿ. ಆಮೇಲೆ "ಅವ್ವ ಕೆಲಸಕ್ಕ ಹೋಗ್ತಾಳ, ಊಟಕ್ಕ ಬರ್ತಾಳ" ಅಂತ ಹೇಳಿಯೇ ಏಳುವುದು. ಕಣ್ಣು ತಪ್ಪಿಸಿ ಜಾರಿಕೊಂಡರೆ ಮರುದಿನ ಮಗು ಇನ್ನೂ ಜಾಸ್ತಿ ಅಂಟಿಕೊಳ್ಳುತ್ತದೆ. ಮೊದಲ ವಾರ ಅತ್ತ, ಬಾಗಿಲು ಬಡಿದ. ಕ್ಲೈಂಟ್‌ಗೂ ಕೇಳಿಸಿತಂತೆ, ಕೇಳಿಸಲಿ ಬಿಡಿ.

ದೀಪಾವಳಿ ಮುಗಿದ ಮೇಲೆ ಮತ್ತೆ ಬಂದರು. ಅಂಗೈ ಚಾಚುವುದು ಪೂರ್ತಿ ಹೋಗಿರಲಿಲ್ಲ. ಆದರೆ ನನ್ನ ಗೊಂಬೆಗಳ ಬುಟ್ಟಿಯಿಂದ ಒಂದು ಕರಿ ಪ್ರಾಣಿ ತೆಗೆದು, ಅವ್ವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಎಮ್ಮಿ" ಅಂದ. ಮೊದಲ ಪದ ಅದೇ ಆಗಿತ್ತಂತೆ, ಹಾಲಿನವರ ಕೊಟ್ಟಿಗೆಯಲ್ಲಿ ಬಂದದ್ದು. ಅಜ್ಜ ಆ ಕಥೆಯನ್ನು ನನಗೆ ಎರಡು ಸಲ ಹೇಳಿದರು. "ಅವ್ವ" ಬಂದದ್ದು ಅದಾಗಿ ಹನ್ನೊಂದು ದಿನಕ್ಕೆ, ತಾಯಿ ಲೆಕ್ಕ ಇಟ್ಟಿದ್ದರು.