ನಾಕ್‌ಔಟ್ ಸಿಗಲಿಲ್ಲ ಅಂದರೆ ಜೀನ್ ಅತ್ಯಗತ್ಯ ಅಂತಲ್ಲ

ಮಲೇರಿಯಾ ಪರಾವಲಂಬಿಯ ಜೀವಕೋಶದ ಮೇಲೆ ಕೆಲಸ ಮಾಡುವ ಪ್ರಯೋಗಾಲಯಗಳ ವಾರ್ಷಿಕ ವರದಿಗಳಲ್ಲಿ, ಸಾಧನೆಗಳ ನಡುವೆ, ಒಂದು ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: "ಈ ಜೀನನ್ನು ತೆಗೆಯಲು ಮೂರು ಬಾರಿ ಯತ್ನಿಸಿದೆವು, ಆಗಲಿಲ್ಲ. ಆದ್ದರಿಂದ ಇದು ಪರಾವಲಂಬಿಯ ಬದುಕಿಗೆ ಅತ್ಯಗತ್ಯ." ಮೊದಲಿನದು ನಡೆದ ಸಂಗತಿ, ಎರಡನೆಯದು ಊಹೆ. ಆ ಊಹೆಯನ್ನೇ ನಂಬಿ ಮುಂದಿನ ವರ್ಷ ಒಬ್ಬ ವಿದ್ಯಾರ್ಥಿನಿ ಆ ಪ್ರೋಟೀನಿಗೆ ಔಷಧ ಹುಡುಕಲು ಕೂರುತ್ತಾಳೆ. ಅವಳ ವರ್ಷಗಳು ಹಾಳಾಗಬಾರದು ಎಂಬ ಕಾಳಜಿಯಿಂದ ಇದನ್ನು ಬಿಡಿಸಿ ಹೇಳಬೇಕಾಗಿದೆ.

ಮನುಷ್ಯರ ಮಲೇರಿಯಾ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪಾರಂನಲ್ಲಿ ನಾಕ್‌ಔಟ್, ಅಂದರೆ ಜೀನನ್ನು ತೆಗೆದುಹಾಕುವುದು, ಕೈತಪ್ಪಲು ಬೇಕಾದಷ್ಟು ದಾರಿಗಳಿವೆ. ಇದರ ಜೀನೋಮಿನಲ್ಲಿ ಎ ಮತ್ತು ಟಿ ಅಕ್ಷರಗಳೇ ಸುಮಾರು 80%. ಇಂಥ ತುಣುಕು ಹೊತ್ತ ಪ್ಲಾಸ್ಮಿಡ್ (ಉಂಗುರದಂಥ ಡಿಎನ್ಎ), ಅದನ್ನು ಹೆಚ್ಚಿಸಲು ಬಳಸುವ ಇ. ಕೋಲೈ ಬ್ಯಾಕ್ಟೀರಿಯಾದ ಒಳಗೆ ತನ್ನಷ್ಟಕ್ಕೆ ಕಡಿದು ಮರುಜೋಡಣೆಯಾಗುವುದುಂಟು. ಬ್ಯಾಕ್ಟೀರಿಯಾವನ್ನು 37ರ ಬದಲು 30 ಡಿಗ್ರಿಯಲ್ಲಿ ಬೆಳೆಸಿ, ಪ್ರತಿ ಸಲ ಡಿಎನ್ಎ ತೆಗೆದ ಮೇಲೂ ರೆಸ್ಟ್ರಿಕ್ಷನ್ ಡೈಜೆಸ್ಟ್ ಮಾಡಿ (ಕಿಣ್ವದಿಂದ ಕತ್ತರಿಸಿ, ತುಣುಕುಗಳ ಅಳತೆ ಸರಿಯಿದೆಯೇ ಎಂದು) ನೋಡಬೇಕು. ಟ್ರಾನ್ಸ್‌ಫೆಕ್ಷನ್ನಿಗೆ (ವಿದ್ಯುತ್ ಆಘಾತ ಕೊಟ್ಟು ಡಿಎನ್ಎಯನ್ನು ಪರಾವಲಂಬಿಯೊಳಗೆ ಸೇರಿಸಲು) 50ರಿಂದ 100 ಮೈಕ್ರೋಗ್ರಾಂ ಡಿಎನ್ಎ ಬೇಕು. ಎಥನಾಲ್ ಹಾಕಿ ಇಳಿಸಿದ ಡಿಎನ್ಎಯಲ್ಲಿ ಉಪ್ಪು ಉಳಿದಿದ್ದರೆ ಆಘಾತ ಕೊಡುವ ಪುಟ್ಟ ಪಾತ್ರೆ ಕ್ಯುವೆಟ್‌ನಲ್ಲಿ ಕಿಡಿ ಹಾರುತ್ತದೆ. 310 ವೋಲ್ಟ್, 950 ಮೈಕ್ರೋಫ್ಯಾರಡ್ ಎಂದು ಯಂತ್ರಕ್ಕೆ ಕೊಟ್ಟರೆ ಸಾಲದು, ಕಲ್ಚರ್‌ನ ಕೆಂಪು ರಕ್ತಕಣಗಳಲ್ಲಿ 5%ರಷ್ಟರಲ್ಲಾದರೂ ರಿಂಗ್ ಹಂತದ (ಎಳೆಯ) ಪರಾವಲಂಬಿ ಇರಬೇಕು. ಇಷ್ಟಾದರೂ ಲಕ್ಷಗಟ್ಟಲೆ ಪರಾವಲಂಬಿಗಳಲ್ಲಿ ಎಲ್ಲೋ ಒಂದು ಡಿಎನ್ಎಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಡಿಎನ್ಎ ಸೇರದವನ್ನು ಕೊಲ್ಲುವ ಔಷಧದ ನಡುವೆ ಅದು ಬೆಳೆದು, ಗೀಮ್ಸಾ ಬಣ್ಣ ಹಾಕಿದ ಸ್ಲೈಡಿನಲ್ಲಿ ಕಾಣಲು ಸಾಮಾನ್ಯವಾಗಿ 3–4 ವಾರ ಹಿಡಿಯುತ್ತದೆ. ಇಪ್ಪತ್ತನೇ ದಿನಕ್ಕೆ ಫ್ಲಾಸ್ಕ್ ಎಸೆದವರು "ಸಿಗಲಿಲ್ಲ" ಎಂದು ಬರೆಯಬಾರದು. ವಾರಕ್ಕೊಮ್ಮೆ ಹೊಸ ಕೆಂಪು ರಕ್ತಕಣ ಕೊಡುತ್ತಾ 60 ದಿನವಾದರೂ ಕಾಯಬೇಕು.

ಡಿಎನ್ಎಯನ್ನು ಬೇಕಾದ ಜಾಗದಲ್ಲೇ ಕಡಿಯುವ ಕ್ರಿಸ್ಪರ್ ಬಂದ ಮೇಲೆ ಈ ತಪ್ಪು ಕಡಿಮೆಯಾಗಬೇಕಿತ್ತು, ಹೆಚ್ಚಾಗಿದೆ. ಮನುಷ್ಯರ ಕೋಶಗಳಂತೆ ಕಡಿದ ತುದಿಗಳನ್ನು ನೇರವಾಗಿ ಬೆಸೆದುಕೊಳ್ಳುವ ವ್ಯವಸ್ಥೆ ಈ ಪರಾವಲಂಬಿಗಿಲ್ಲ. ನಾವು ಮಾದರಿಯಾಗಿ ಕೊಟ್ಟ ಡೋನರ್ ಡಿಎನ್ಎಯನ್ನು ನೋಡಿಕೊಂಡೇ ದುರಸ್ತಿ ಆಗಬೇಕು. ಡೋನರ್ ಕೆಟ್ಟಿದ್ದರೆ ಕಡಿತವೇ ಪರಾವಲಂಬಿಯನ್ನು ಕೊಲ್ಲುತ್ತದೆ. ಜೀನ್ ಅತ್ಯಗತ್ಯವೋ ಅಲ್ಲವೋ, ಎರಡರಲ್ಲೂ ಫ್ಲಾಸ್ಕ್ ಖಾಲಿಯೇ.

ಹಾಗಾಗಿ ಅದೇ ದಿನ, ಅದೇ ಕಲ್ಚರ್‌ನಿಂದ, ಅದೇ ಜೀನಿನ ಕೊನೆಗೆ ಬರೀ ಒಂದು ಟ್ಯಾಗ್ (ಪ್ರೋಟೀನನ್ನು ಗುರುತಿಸಲು ಸಣ್ಣ ಗುರುತು) ಅಂಟಿಸುವ ಇನ್ನೊಂದು ಟ್ರಾನ್ಸ್‌ಫೆಕ್ಷನ್ ಮಾಡಿ. ಟ್ಯಾಗ್ ಪ್ರತಿ ಸಲ ಕೂತು ನಾಕ್‌ಔಟ್ ಪ್ರತಿ ಸಲ ಕೈಕೊಟ್ಟರೆ, ಆ ಜಾಗ ತಿದ್ದಲು ಬರುತ್ತದೆ ಎಂದಾದರೂ ಗೊತ್ತಾಯಿತು. ಅನುಮಾನ ಬಲವಾಯಿತು, ಅಷ್ಟೇ. ಪುರಾವೆ ಬೇಕೆಂದರೆ, ಜೀನ್ ಇರುವಾಗಲೇ ಪರಾವಲಂಬಿಯನ್ನು ಬೆಳೆಸಿ, ಬೇಕಾದಾಗ ಜೀನಿನ ಕೆಲಸ ನಿಲ್ಲಿಸಬೇಕು. ಡೈಕ್ರೀ ಪದ್ಧತಿಯಲ್ಲಿ, ಎರಡು ತುಂಡಾಗಿಟ್ಟ ಕತ್ತರಿಸುವ ಕಿಣ್ವವನ್ನು ಕೂಡಿಸುವ ರಾಪಮೈಸಿನ್ ಕೊಟ್ಟು ಜೀನನ್ನೇ ಕತ್ತರಿಸಬಹುದು. ಜೀನಿನ ಆರ್‌ಎನ್‌ಎಯನ್ನು ಕತ್ತರಿಸುವ ಜಿಎಲ್ಎಂಎಸ್ ರೈಬೋಜೈಮ್ ಆದರೆ ಗ್ಲೂಕೋಸಮೈನ್ ಕೊಟ್ಟು ಪ್ರೋಟೀನ್ ಇಳಿಸಬಹುದು. ಇಲ್ಲಿಯೂ ಜನ ಎಡವುತ್ತಾರೆ. ಗ್ಲೂಕೋಸಮೈನ್ ತಾನೇ ವಿಷ, 2.5 ಮಿಲಿಮೋಲಾರ್ ಕೊಡುವುದಾದರೆ ಬದಲಾಯಿಸದ ಮೂಲ ತಳಿಗೂ ಅಷ್ಟೇ ಕೊಟ್ಟು ಪಕ್ಕದಲ್ಲಿ ಬೆಳೆಸಬೇಕು. ಪ್ರೋಟೀನ್ ಎಷ್ಟು ಇಳಿಯಿತು ಎಂದು ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಪತ್ತೆ ಪರೀಕ್ಷೆ) ತೋರಿಸಬೇಕು, ಏಕೆಂದರೆ ಹತ್ತನೇ ಒಂದು ಪಾಲು ಉಳಿದರೂ ಕೆಲವು ಕಿಣ್ವಗಳಿಗೆ ಸಾಕು.

ಬೆಳವಣಿಗೆ ಅಳೆಯುವ ಮುನ್ನ 5% ಸಾರ್ಬಿಟಾಲ್‌ನಲ್ಲಿ 37 ಡಿಗ್ರಿಗೆ 10 ನಿಮಿಷ ಇಟ್ಟು ರಿಂಗ್‌ಗಳನ್ನಷ್ಟೇ ಉಳಿಸಿಕೊಳ್ಳಿ. ಬಲಿತ ಹಂತದ ಪರಾವಲಂಬಿ ಇರುವ ರಕ್ತಕಣಗಳು ಸಾರ್ಬಿಟಾಲ್ ಒಳಗೆಳೆದುಕೊಂಡು ಒಡೆಯುತ್ತವೆ. ನಂತರ 0.5% ಸೋಂಕಿನಿಂದ ಶುರುಮಾಡಿ, 48 ಗಂಟೆಯ ಎರಡು ಮೂರು ಚಕ್ರ ಎಣಿಸಿ. ಹೆಚ್ಚು ಸೋಂಕಿನಿಂದ ಹೊರಟರೆ ಮೂಲ ತಳಿಯೇ ಕುಸಿದು ವ್ಯತ್ಯಾಸ ಮುಚ್ಚಿಹೋಗುತ್ತದೆ. ಕೊನೆಗೆ ಅದೇ ಜೀನಿನ ಇನ್ನೊಂದು ಪ್ರತಿಯನ್ನು ಬೇರೆ ಜಾಗದಲ್ಲಿ ಕೂರಿಸಿ, ಪರಾವಲಂಬಿ ಚೇತರಿಸಿಕೊಳ್ಳುವುದನ್ನು ತೋರಿಸಬೇಕು. ಈ ಹೆಜ್ಜೆಯನ್ನೇ ಬಹಳಷ್ಟು ಮಂದಿ ಬಿಡುತ್ತಾರೆ.

"ಅತ್ಯಗತ್ಯ" ಎಂದಾಗ ಯಾವ ಹಂತದಲ್ಲಿ ಎಂದೂ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಅವರ ತಂಡ ಇಲಿಗಳ ಮಲೇರಿಯಾ ಪರಾವಲಂಬಿ ಪ್ಲಾಸ್ಮೋಡಿಯಂ ಬರ್ಗೈನಲ್ಲಿ ಹೀಮ್ ತಯಾರಿಸುವ ಜೀನ್‌ಗಳನ್ನು ತೆಗೆದು 2013ರಲ್ಲಿ ಪ್ರಕಟಿಸಿತು. ಆ ಪರಾವಲಂಬಿಗಳು ರಕ್ತದಲ್ಲಿ ಬೆಳೆದವು, ಆದರೆ ಸೊಳ್ಳೆಯೊಳಗೆ ಸ್ಪೋರೋಜೊಯಿಟ್ (ಸೊಳ್ಳೆ ಕಚ್ಚಿದಾಗ ಹರಡುವ ರೂಪ) ಆಗಲಿಲ್ಲ. ರಕ್ತದ ಫ್ಲಾಸ್ಕನ್ನು ಮಾತ್ರ ನೋಡಿದ್ದರೆ "ಬೇಡದ ಜೀನ್" ಎಂದು ಬರೆದು ಮುಗಿಸುತ್ತಿದ್ದೆವು. 2018ರಲ್ಲಿ ಜೀನೋಮಿನಲ್ಲಿ ಎಲ್ಲೆಂದರಲ್ಲಿ ಸೇರಿ ಜೀನ್ ಕೆಡಿಸುವ ಪಿಗ್ಗಿಬ್ಯಾಕ್ ಟ್ರಾನ್ಸ್‌ಪೋಸಾನ್ ಬಳಸಿ ಫಾಲ್ಸಿಪಾರಂನ ಸುಮಾರು 2,680 ಜೀನ್‌ಗಳು ಅತ್ಯಗತ್ಯ ಎಂದು ಪಟ್ಟಿ ಮಾಡಿದ್ದೂ ರಕ್ತದ ಹಂತಕ್ಕೆ ಮಾತ್ರ.

ವರದಿಗೆ ಹೀಗೆ ಬರೆದರೆ ಸಾಕು: "ನಾಲ್ಕು ಯತ್ನಗಳಲ್ಲಿ, ತಲಾ 60 ದಿನ ಕಾದರೂ ನಾಕ್‌ಔಟ್ ಸಿಗಲಿಲ್ಲ, ನಾಲ್ಕರಲ್ಲೂ ಅದೇ ಜಾಗದಲ್ಲಿ ಟ್ಯಾಗ್ ಕೂತಿದೆ, ಡೈಕ್ರೀ ತಳಿ ತಯಾರಾಗುತ್ತಿದೆ."